ಗಳಗಂಡಕ್ಕೆ ತಡೆ ಉಪ್ಪಿನಲ್ಲಿದೆ

ತೋಟಕ್ಕೆ ಎಷ್ಟು ಗೊಬ್ಬರ ಬೇಕೆಂದು ನಾವು ಬೆಳೆಗಾರರು ಲೆಕ್ಕ ಹಾಕುತ್ತೇವೆ. ಮೈಗೆ ಬೇಕಾದ ಅಯೋಡಿನ್‌ಗೂ ಲೆಕ್ಕವುಂಟು: ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ 250.

ಮಲೆನಾಡಿನ ಜಡಿಮಳೆ ಮಣ್ಣಿನ ಅಯೋಡಿನ್ ಅನ್ನು ತೊಳೆದೊಯ್ಯುತ್ತದೆ. ಅಲ್ಲಿ ಬೆಳೆದ ಕಾಳು, ಸೊಪ್ಪಿನಲ್ಲೂ ಅದು ಕಡಿಮೆ. ಕೊರತೆಯಾದಾಗ ಕತ್ತಿನ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದೇ ಗಳಗಂಡ. ಗರ್ಭಿಣಿಗೆ ತೀರಾ ಕೊರತೆಯಾದರೆ ಮಗುವಿನ ಬುದ್ಧಿ ಬೆಳವಣಿಗೆಯೇ ಕುಂಠಿತವಾದೀತು.

ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಈ ರೋಗ ಹಿಂದಿನಿಂದಲೂ ಉಂಟು. ಹಾಗೆಂದು ಇದು ಬೆಟ್ಟದವರ ರೋಗ ಮಾತ್ರವಲ್ಲ. ಬಯಲಿನಲ್ಲೂ ಕೊರತೆ ಕಂಡುಬಂದಿದೆ. ಮಳೆ ಕಡಿಮೆಯಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೂ ಅಯೋಡಿನ್ ಉಪ್ಪು ಅಷ್ಟೇ ಅಗತ್ಯ.

ಭಾರತ ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 2006ರಿಂದ ಊಟದ ಬಳಕೆಗೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವಂತಿಲ್ಲ.

ಆದ್ದರಿಂದ ದನಗಳಿಗೆಂದು ತಂದ ಹರಳುಪ್ಪು ನಮ್ಮ ಅಡುಗೆಮನೆಗೂ ಕೆಲಸಗಾರರ ಲೈನ್ ಮನೆಗೂ ಹೋಗದಿರಲಿ. ಉಪ್ಪನ್ನು ಒಲೆಯಿಂದ ದೂರ, ಮುಚ್ಚಿದ ಭರಣಿಯಲ್ಲಿಡೋಣ. ಸಾರು ಇಳಿಸುವ ಹೊತ್ತಿಗೆ ಹಾಕೋಣ. ಹೆಚ್ಚು ಉಪ್ಪು ತಿನ್ನಬೇಕಾಗಿಲ್ಲ, ಸರಿಯಾದ ಉಪ್ಪು ಸಾಕು. ಕತ್ತಿನಲ್ಲಿ ಬಾವು ಕಂಡರೆ ಮಾತ್ರ ಉಪ್ಪನ್ನೇ ನೆಚ್ಚಿ ಕೂರದೆ ವೈದ್ಯರಿಗೆ ತೋರಿಸತಕ್ಕದ್ದು.