ಗಡಿ ದಾಟದ ಬಿಯರ್

1977ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸ್ಮೋಕಿ ಅಂಡ್ ದ ಬ್ಯಾಂಡಿಟ್’ ಚಿತ್ರದ ಕಥೆ ಇಷ್ಟೇ: ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಕಡೆಯಿಂದ ಲಾರಿ ಹೊರಡಬೇಕು, ಟೆಕ್ಸಾಸ್ ಅಂಚಿನ ಟೆಕ್ಸಾರ್ಕಾನಾ ಊರಿನಲ್ಲಿ 400 ಪೆಟ್ಟಿಗೆ ಬಿಯರ್ ತುಂಬಿಕೊಳ್ಳಬೇಕು, 28 ಗಂಟೆಯೊಳಗೆ ವಾಪಸ್ ಬರಬೇಕು. ನಾಯಕ ಬರ್ಟ್ ರೆನಾಲ್ಡ್ಸ್ ಕಪ್ಪು ಕಾರಿನಲ್ಲಿ ಓಡಾಡುತ್ತ ಪೊಲೀಸರನ್ನೆಲ್ಲ ತನ್ನ ಬೆನ್ನಿಗೆ ಹಾಕಿಕೊಳ್ಳುತ್ತಾನೆ. ಆ ಗದ್ದಲದಲ್ಲಿ ಲಾರಿ ಪಾರಾಗುತ್ತದೆ. ಅವರು ಸಾಗಿಸುತ್ತಿದ್ದುದು ಕೊಲರಾಡೊದ ಯಾವ ಅಂಗಡಿಯಲ್ಲಾದರೂ ಸಿಗುತ್ತಿದ್ದ ಕೂರ್ಸ್ ಬಿಯರ್. ಅದೇ ಪೆಟ್ಟಿಗೆ ಜಾರ್ಜಿಯಾ ಮುಟ್ಟಿದರೆ ಕಳ್ಳಸಾಗಣೆಯ ಮಾಲು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕೂಡ ಕೊಲರಾಡೊಗೆ ರಜೆಗೆ ಹೋದಾಗ ಇದನ್ನು ವಾಷಿಂಗ್ಟನ್‌ಗೆ ತರಿಸಿಕೊಳ್ಳುತ್ತಿದ್ದರು.

ಒಂದೇ ದೇಶ, ಒಂದೇ ನಾಣ್ಯ, ನುಣುಪಾದ ಹೆದ್ದಾರಿಗಳು. ಆದರೂ ಒಂದು ಬಿಯರ್ ಅರ್ಧ ದೇಶಕ್ಕೆ ಸಿಗುತ್ತಿರಲಿಲ್ಲ. ಇದರಲ್ಲಿ ಕಾನೂನಿನ ಪಾಲೂ ಇದೆ, ವ್ಯಾಪಾರದ ಪಾಲೂ ಇದೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅದರ ಬುಡದಲ್ಲಿರುವ ಎಂಜಿನಿಯರಿಂಗ್ ತೀರ್ಮಾನ: ಬಿಯರ್ ಕೆಡದಂತೆ ಕಾಯಲು ಬಿಸಿಯನ್ನು ನಂಬಬೇಕೋ, ತಂಪನ್ನು ನಂಬಬೇಕೋ?

ಬಿಯರ್ ಸುಲಭಕ್ಕೆ ಕೆಡುವ ಪಾನೀಯವಲ್ಲ. ಅದರಲ್ಲಿ ಆಲ್ಕೋಹಾಲ್ ಇದೆ, ಹುಳಿ ಇದೆ, ಹಾಪ್ಸ್ ಹೂವಿನ ಕಹಿ ಆಮ್ಲಗಳಿವೆ, ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಇಂಥ ಜಾಗದಲ್ಲಿ ಬೆಳೆಯಲಾರವು. ಆದರೆ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೊಕಾಕಸ್ ಜಾತಿಯ ಕೆಲವು ಜಗಮೊಂಡ ಬ್ಯಾಕ್ಟೀರಿಯಾಗಳು ಇಷ್ಟಕ್ಕೆಲ್ಲ ಬಗ್ಗುವುದಿಲ್ಲ. ಅವು ಹೊಕ್ಕರೆ ಬಿಯರ್ ಕದಡುತ್ತದೆ, ಹುಳಿಯಾಗುತ್ತದೆ, ಕೆಲವೊಮ್ಮೆ ಲೋಳೆಲೋಳೆಯಾಗುತ್ತದೆ. ಉಳಿದುಹೋದ ಯೀಸ್ಟ್ ಕೂಡ ಬಾಟಲಿಯೊಳಗೆ ಮತ್ತೆ ಕೆಲಸ ಶುರುಮಾಡಬಹುದು.

ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ತೋರಿಸಿದವರು ಲೂಯಿ ಪಾಶ್ಚರ್. ಪ್ರಷ್ಯಾದ ಎದುರು ಫ್ರಾನ್ಸ್ ಸೋತ ನೋವು ಅವರಲ್ಲಿ ಹಸಿಯಾಗಿತ್ತು. ಜರ್ಮನ್ ಬಿಯರನ್ನು ಮೀರಿಸುವ ಬಿಯರ್ ಫ್ರಾನ್ಸಿನಲ್ಲಿ ಆಗಬೇಕೆಂಬ ಹಟದಿಂದಲೇ ಆ ಅಧ್ಯಯನಕ್ಕೆ ಕೈಹಾಕಿದರು. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಬೇಡದ ಜೀವಿಗಳು ಬೆರೆತಿರುವುದನ್ನು ತೋರಿಸಿದರು. ಕೆಲವೇ ದಿನಗಳಲ್ಲಿ ಮತ್ತೆ ಹೋದಾಗ ಬ್ರೂವರಿಯವರು ತಾವೇ ಒಂದು ಸೂಕ್ಷ್ಮದರ್ಶಕ ಕೊಂಡಿದ್ದರಂತೆ. 1876ರಲ್ಲಿ ಬಿಯರ್ ಕುರಿತ ಅವರ ಗ್ರಂಥ ಹೊರಬಂತು. ಅಷ್ಟರೊಳಗೆ ಅಮೆರಿಕದ ಸೇಂಟ್ ಲೂಯಿಸ್ ನಗರದ ಅಡಾಲ್ಫಸ್ ಬುಶ್ ಬಾಟಲಿ ಬಿಯರನ್ನು ಹದವಾಗಿ ಬಿಸಿಮಾಡಿ ರೈಲಿನಲ್ಲಿ ದೂರದೂರಿಗೆ ಕಳಿಸತೊಡಗಿದ್ದ. ಹಳಿಯುದ್ದಕ್ಕೂ ಐಸ್ ಮನೆಗಳನ್ನು ಕಟ್ಟಿಸಿ, ಬೋಗಿಗಳಿಗೆ ಅಲ್ಲಲ್ಲಿ ಮಂಜುಗಡ್ಡೆ ತುಂಬಿಸುವ ಏರ್ಪಾಡನ್ನೂ ಮಾಡಿದ. ದೇಶವಿಡೀ ಒಂದೇ ಬ್ರ್ಯಾಂಡ್ ಅನ್ನುವುದು ಆಗ ಹುಟ್ಟಿಕೊಂಡಿತು.

ಬಾಟಲಿ ಬಿಯರನ್ನು ಬಿಸಿಮಾಡುವ ಇಂದಿನ ಯಂತ್ರ ನೋಡುವಂಥದ್ದು. ಹೆಸರು ಟನೆಲ್ ಪಾಶ್ಚರೈಸರ್. ಬಸ್ಸಿನಷ್ಟು ಉದ್ದದ, ಕೆಲವೊಮ್ಮೆ ಅದಕ್ಕಿಂತಲೂ ಉದ್ದದ ಉಕ್ಕಿನ ಸುರಂಗ. ಮುಚ್ಚಳ ಬಿಗಿದ ಬಾಟಲಿಗಳು ಅಗಲವಾದ ಪಟ್ಟಿಯ ಮೇಲೆ ಒತ್ತೊತ್ತಾಗಿ ನಿಂತು ನಿಧಾನವಾಗಿ ಒಳಗೆ ಸರಿಯುತ್ತವೆ. ಮೇಲಿನಿಂದ ನೀರಿನ ಸಿಂಚನ. ಮೊದಲು ಉಗುರು ಬೆಚ್ಚಗೆ, ಆಮೇಲೆ ಇನ್ನಷ್ಟು ಬಿಸಿ, ನಡುವೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಂತರ ಮತ್ತೆ ಮೆಲ್ಲಗೆ ತಂಪು. ಒಮ್ಮೆಗೇ ಬಿಸಿನೀರು ಸುರಿದರೆ ಗಾಜು ಸಿಡಿಯುತ್ತದೆ. ಜೊತೆಗೆ ಒಳಗಿನ ಇಂಗಾಲದ ಡೈಆಕ್ಸೈಡ್ ಒತ್ತಡವೂ ಏರುತ್ತದೆ. ಹೊರಬರುವ ಬಾಟಲಿಗಳನ್ನು ತಣಿಸಿ ತಾನು ಬೆಚ್ಚಗಾದ ನೀರನ್ನೇ ಒಳಬರುವ ಬಾಟಲಿಗಳ ಮೇಲೆ ಸುರಿಯುತ್ತಾರೆ. ಒಂದು ತುದಿಯಲ್ಲಿ ಬಿಟ್ಟ ಶಾಖ ಇನ್ನೊಂದು ತುದಿಯಲ್ಲಿ ದುಡಿಯುತ್ತದೆ. ಈ ಜಾಣ್ಮೆ ನನಗೆ ಬಹಳ ಇಷ್ಟ.

ಇಲ್ಲಿ ಲೆಕ್ಕ ಬಿಗಿ. 60 ಡಿಗ್ರಿಯಲ್ಲಿ ಒಂದು ನಿಮಿಷ ಇಟ್ಟರೆ ಒಂದು ‘ಪಾಶ್ಚರೀಕರಣ ಯೂನಿಟ್’. ಆದರೆ ಶಾಖ ಏರಿದಂತೆ ಪರಿಣಾಮ ನೆಗೆಯುತ್ತದೆ. 67 ಡಿಗ್ರಿಯ ಒಂದು ನಿಮಿಷ 60 ಡಿಗ್ರಿಯ ಸುಮಾರು ಹತ್ತು ನಿಮಿಷಕ್ಕೆ ಸಮ. ಹಾಗಾಗಿ ಮುಂದೆಲ್ಲೋ ಪಟ್ಟಿ ಸಿಕ್ಕಿಕೊಂಡು ನಿಂತರೆ ಸುರಂಗದ ನಡುವಿನ ಬಾಟಲಿಗಳು ಬೇಕಾದ್ದಕ್ಕಿಂತ ಹೆಚ್ಚು ಕಾಯುತ್ತವೆ, ಬಿಯರಿಗೆ ಬೇಯಿಸಿದ ರುಚಿ ಅಂಟಿಕೊಳ್ಳುತ್ತದೆ.

ಈ ಬೇಯಿಸಿದ ರುಚಿಯನ್ನೇ ಕೂರ್ಸ್ ಕುಟುಂಬ ಒಪ್ಪಲಿಲ್ಲ. ಕೊಲರಾಡೊದಲ್ಲಿ, ರಾಕಿ ಪರ್ವತದ ಬುಡದ ಗೋಲ್ಡನ್ ಎಂಬ ಊರಿನಲ್ಲಿ, ಕ್ಲಿಯರ್ ಕ್ರೀಕ್ ಹೊಳೆಯ ಪಕ್ಕ, ಜರ್ಮನಿಯಿಂದ ಬಂದ ಅಡಾಲ್ಫ್ ಕೂರ್ಸ್ 1873ರಲ್ಲಿ ಪಾಲುದಾರನೊಬ್ಬನ ಜೊತೆ ಶುರುಮಾಡಿದ ಬ್ರೂವರಿ ಅದು. 1959ರಲ್ಲಿ ಅವನ ಮೊಮ್ಮಗ ಬಿಲ್ ಕೂರ್ಸ್ ಕಾಲದಲ್ಲಿ ಅಲ್ಲಿ ಪಾಶ್ಚರೀಕರಣ ನಿಂತಿತು. ಅದೇ ವರ್ಷ ಮರುಬಳಕೆಗೆ ಒಗ್ಗುವ ಅಲ್ಯೂಮಿನಿಯಂ ಕ್ಯಾನ್ ಕೂಡ ಅಲ್ಲಿಂದಲೇ ಹೊರಬಂತು. ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಲ್ಲುವ ಬದಲು ಸೋಸಿ ತೆಗೆಯುವುದು ಅವರ ದಾರಿ. ಯೀಸ್ಟ್ ಕಣದ ಗಾತ್ರ 5ರಿಂದ 10 ಮೈಕ್ರಾನ್. ಬ್ಯಾಕ್ಟೀರಿಯಾ ಬಹಳವೆಂದರೆ ಒಂದು ಮೈಕ್ರಾನ್ ಅಗಲ. ಇಂದು ಈ ಕೆಲಸಕ್ಕೆ ಬಳಸುವ ಪೊರೆಗಳ ರಂಧ್ರ 0.45 ಮೈಕ್ರಾನ್. ಕೇಳಲು ಸರಳ. ಕಷ್ಟವಿರುವುದು ಆಮೇಲೆ: ಟನೆಲ್‌ನಲ್ಲಿ ಬಾಟಲಿ ಮುಚ್ಚಿದ ಮೇಲೆ ಬಿಸಿ ತಾಗುವುದರಿಂದ ತುಂಬುವಾಗಿನ ಸಣ್ಣ ಕೊಳೆಗೂ ಕ್ಷಮೆಯಿದೆ. ಸೋಸಿದ ಬಿಯರಿಗೆ ಅಂಥ ಎರಡನೇ ಅವಕಾಶವಿಲ್ಲ. ಪೈಪು, ನಳಿಕೆ, ಕ್ಯಾನ್, ಮುಚ್ಚಳ ಎಲ್ಲವೂ ಶುದ್ಧವಿರಲೇಬೇಕು. ಆಮೇಲೆ ಮನೆಯ ಫ್ರಿಜ್ ತಲುಪುವವರೆಗೂ ತಂಪಿನಲ್ಲೇ ಸಾಗಬೇಕು.

ನಮ್ಮ ಅಡುಗೆಮನೆಯ ಉದಾಹರಣೆ ಕೊಡುವುದಾದರೆ, ಕೂರ್ಸ್ ನಂದಿನಿಯ ಪ್ಯಾಕೆಟ್ ಹಾಲಿನಂತೆ. ಉಳಿದ ಕಂಪನಿಗಳ ಬಿಯರ್ ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡಬಹುದಾದ ಟೆಟ್ರಾಪ್ಯಾಕ್ ಹಾಲಿನಂತೆ.

ತಂಪು ಬೇಕಾದದ್ದು ಬ್ಯಾಕ್ಟೀರಿಯಾದ ಭಯಕ್ಕಷ್ಟೇ ಅಲ್ಲ. ಕ್ರಿಮಿ ಒಂದೂ ಇಲ್ಲದ ಬಿಯರ್ ಕೂಡ ಮುದಿಯಾಗುತ್ತದೆ. ಅದು ಶುದ್ಧ ರಸಾಯನ ವಿಜ್ಞಾನ. ಧಾನ್ಯದಿಂದ ಬಂದ ಕೊಬ್ಬಿನಾಂಶಗಳು ಆಕ್ಸೀಕರಣಗೊಂಡು ಟ್ರಾನ್ಸ್-2-ನೋನೆನಾಲ್ ಎಂಬ ವಸ್ತು ಹುಟ್ಟುತ್ತದೆ. ಒದ್ದೆ ರಟ್ಟಿನ ರುಚಿ ಅದರದ್ದು. ಒಂದು ಲೀಟರಿನಲ್ಲಿ ಮೈಕ್ರೋಗ್ರಾಂನ ಹತ್ತನೇ ಒಂದು ಭಾಗ ಇದ್ದರೂ ನಾಲಗೆ ಗುರುತಿಸುತ್ತದೆ. ಇಂಥ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಏರಿಕೆಗೆ ಎರಡು ಮೂರು ಪಟ್ಟಾಗುತ್ತದೆ. ಬೇಸಿಗೆಯ ಗೋದಾಮಿನಲ್ಲಿ ವಾರದಲ್ಲಿ ಆಗುವ ಹಾನಿ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಳಾದರೂ ಆಗದು. ಕೂರ್ಸ್‌ನವರು ವಿತರಕರ ಗೋದಾಮುಗಳೂ ತಂಪಾಗಿರಬೇಕೆಂದು ಪಟ್ಟುಹಿಡಿದದ್ದು ಇದಕ್ಕೇ.

ಈಗ ಅಮೆರಿಕದ ನಕ್ಷೆ ಬಿಚ್ಚಿ ನೋಡಿ. ಅಡಾಲ್ಫಸ್ ಬುಶ್‌ನ ಕಂಪನಿ ಆನ್‌ಹೈಸರ್-ಬುಶ್ 1951ರಲ್ಲಿ ನ್ಯೂವಾರ್ಕ್, 1954ರಲ್ಲಿ ಲಾಸ್ ಏಂಜಲೀಸ್ ಎಂದು ಊರೂರಿಗೆ ಬ್ರೂವರಿ ಕಟ್ಟುತ್ತ ಹೋಯಿತು. ಕೂರ್ಸ್ ಗೋಲ್ಡನ್ ಬಿಟ್ಟು ಕದಲಲಿಲ್ಲ. ಆ ಒಂದೇ ಕಾರ್ಖಾನೆ ಜಗತ್ತಿನ ಅತಿ ದೊಡ್ಡ ಬ್ರೂವರಿಯಾಗಿ ಬೆಳೆಯಿತು. ಒಂದೇ ಮೂಲ, ದಾರಿಯುದ್ದಕ್ಕೂ ತಂಪು ಎಂದ ಮೇಲೆ ಲಾರಿ ಎಷ್ಟು ದೂರ ಹೋದೀತು? 1970ರ ದಶಕದ ನಡುವಿನವರೆಗೂ ಅದರ ವ್ಯಾಪ್ತಿ ಪಶ್ಚಿಮದ 11 ರಾಜ್ಯಗಳಲ್ಲೇ ನಿಂತಿತ್ತು. ಇದರ ಮೇಲೆ ಕಾನೂನು ಕೂತಿತು. 1933ರಲ್ಲಿ ಪಾನನಿಷೇಧ ತೆರವಾದಾಗ ಮದ್ಯದ ನಿಯಂತ್ರಣ ರಾಜ್ಯಗಳ ಕೈಗೆ ಬಂತು. ತಯಾರಕ ವಿತರಕನಿಗೆ, ವಿತರಕ ಅಂಗಡಿಗೆ ಮಾರಬೇಕೆಂಬುದು ಬಹುತೇಕ ರಾಜ್ಯಗಳ ಪದ್ಧತಿಯಾಯಿತು. ಜಾರ್ಜಿಯಾದಲ್ಲಿ ಲೈಸೆನ್ಸ್ ಪಡೆದ ಕೂರ್ಸ್ ವಿತರಕ ಇಲ್ಲವೆಂದರೆ ಅಲ್ಲಿ ಮಾರಾಟಕ್ಕೆ ತಂದ ಕೂರ್ಸ್ ಕಳ್ಳಮಾಲೇ.

ಸಿಗದ್ದಕ್ಕೆ ಆಸೆ ಹೆಚ್ಚು. ಪೂರ್ವದವರು ರಜೆಯಿಂದ ಮರಳುವಾಗ ಕಾರಿನ ಡಿಕ್ಕಿ ತುಂಬ ಕೂರ್ಸ್ ತರುತ್ತಿದ್ದರು. ತಮಾಷೆಯಲ್ಲ, ನಿಜಕ್ಕೂ ನನಗೆ ಬೇಸರ ತರಿಸುವ ಸಂಗತಿಯಿದು: ಬಿಸಿ ಡಿಕ್ಕಿಯಲ್ಲಿ ದಿನಗಟ್ಟಲೆ ಕುಲುಕಾಡಿ ಬಂದ ಬಿಯರಿನಲ್ಲಿ, ಕಂಪನಿ ಅಷ್ಟು ಖರ್ಚುಮಾಡಿ ಕಾಪಾಡಿದ ತಾಜಾತನವೇ ಉಳಿದಿರುತ್ತಿರಲಿಲ್ಲ. ಅವರು ಕುಡಿದದ್ದು ಹೆಸರನ್ನು, ಬಿಯರನ್ನಲ್ಲ.

ಆಮೇಲೆ ಶೀತಲ ವಾಹನಗಳು ಹೆಚ್ಚಿದವು, ಸ್ಪರ್ಧೆಯ ಒತ್ತಡವೂ ಏರಿತು. 1981ರಲ್ಲಿ ಕೂರ್ಸ್ ಮಿಸಿಸಿಪ್ಪಿ ನದಿ ದಾಟಿತು. 1987ರಲ್ಲಿ ವರ್ಜೀನಿಯಾದ ಎಲ್ಕ್‌ಟನ್ ಬಳಿ ಎರಡನೇ ಘಟಕ ಬಂತು. ಗೋಲ್ಡನ್‌ನಿಂದ ಶೀತಲ ರೈಲುಬೋಗಿಗಳಲ್ಲಿ ಬಂದ ಬಿಯರನ್ನು ಅಲ್ಲಿ ಕ್ಯಾನ್‌ಗೆ ತುಂಬುತ್ತಿದ್ದರು. 1991ರ ಹೊತ್ತಿಗೆ 50 ರಾಜ್ಯಗಳಲ್ಲೂ ಅದು ಮಾಮೂಲಿ ಬಿಯರ್.

ಬಿಸಿ ತಾಗದ ಕೆಲವು ಬಿಯರುಗಳ ವ್ಯಾಪ್ತಿ ಇಂದಿಗೂ ಚಿಕ್ಕದೇ. ಜೆಕ್ ದೇಶದ ಪಿಲ್ಸ್ನರ್ ಊರ್ಕ್ವೆಲ್ ತನ್ನ ಪಾಶ್ಚರೀಕರಿಸದ ಬಿಯರನ್ನು ತಂಪು ಟ್ಯಾಂಕರಿನಲ್ಲಿ ಕೆಲವು ಪಬ್‌ಗಳಿಗೆ ಕಳಿಸುತ್ತದೆ. ಅಲ್ಲಿನ ಟ್ಯಾಂಕಿನೊಳಗೆ ಪ್ಲಾಸ್ಟಿಕ್ ಚೀಲವಿದೆ. ಚೀಲದ ಹೊರಗಿನಿಂದ ಗಾಳಿ ಒತ್ತಿದಾಗ ಬಿಯರ್ ನಲ್ಲಿಗೆ ಬರುತ್ತದೆ, ಗಾಳಿ ಮಾತ್ರ ಅದಕ್ಕೆ ಸೋಕುವುದಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಗಾಜಿನಾಚೆ ಹೊಳೆಯುವ ಉಕ್ಕಿನ ಟ್ಯಾಂಕುಗಳ ಬಿಯರ್ ಬಹುತೇಕ ಇದೇ ಜಾತಿಯದು. ಅಲ್ಲೇ ಹುದುಗಿ, ಅಲ್ಲೇ ತಣಿದು, ಅಲ್ಲೇ ಗ್ಲಾಸಿಗೆ ಇಳಿಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕ್ ತುಂಬಿ, ಕುಡಿಯುವವರು ಮನೆಯಲ್ಲೇ ಉಳಿದಾಗ, ಪಾರ್ಸೆಲ್ ಕೊಡಲು ಕರ್ನಾಟಕ ಸರ್ಕಾರ ಒಪ್ಪಿತು. ಹಾಗೆ ಒಯ್ದ ಬಿಯರನ್ನು ನೇರ ಫ್ರಿಜ್‌ಗೆ ಇಟ್ಟು ಬೇಗನೆ ಮುಗಿಸಬೇಕಿತ್ತು. ಹೊಸೂರು ದಾಟಿಸಿ ತಂಗಿಯ ಮನೆಗೆ ಮುಟ್ಟಿಸುವ ಮಾಲು ಅದಲ್ಲ.