ಆಕಾಶದ ಗಡಿಯಾರ ಕೆಟ್ಟಾಗ

2018ರ ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಭಾರತದ ಸ್ವಂತ ಪಥದರ್ಶಕ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಮೂರು ಹೇಳಿಕೆ ಕೊಟ್ಟು ಸರಿಯಾದದ್ದನ್ನು ಆರಿಸಿ ಎಂದಿದ್ದರು. ಮೂರು ಉಪಗ್ರಹ ಭೂಸ್ಥಿರ ಕಕ್ಷೆಯಲ್ಲಿ, ನಾಲ್ಕು ಭೂಸಮಕಾಲಿಕ ಕಕ್ಷೆಯಲ್ಲಿ ಇವೆ ಎಂಬುದು ಮೊದಲನೆಯದು. ದೇಶದ ಗಡಿಯಾಚೆ ಸುಮಾರು 5,500 ಚದರ ಕಿ.ಮೀ. ಪ್ರದೇಶಕ್ಕೂ ಸೇವೆ ಸಿಗುತ್ತದೆ ಎಂಬುದು ಎರಡನೆಯದು. 2019ರ ಮಧ್ಯಭಾಗದ ಹೊತ್ತಿಗೆ ಇಡೀ ಜಗತ್ತನ್ನು ಆವರಿಸುವ ವ್ಯವಸ್ಥೆ ಭಾರತದ ಕೈಯಲ್ಲಿರುತ್ತದೆ ಎಂಬುದು ಮೂರನೆಯದು. ಸರಿಯುತ್ತರ: ಮೊದಲನೆಯದು ಮಾತ್ರ. ಬಲೆ ಇದ್ದದ್ದು ಎರಡನೆಯದರಲ್ಲಿ. ಸೇವೆ ಗಡಿಯಿಂದ 1,500 ಕಿ.ಮೀ. ದೂರದವರೆಗೆ ಚಾಚುತ್ತದೆ, 5,500 ಚದರ ಕಿ.ಮೀ. ಅಂದರೆ ಮಂಡ್ಯ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೇ.

ಮೂರು ಮತ್ತು ನಾಲ್ಕು, ಒಟ್ಟು ಏಳು. ಈ ಲೆಕ್ಕ ಇಂದಿಗೂ ಗೈಡುಗಳಲ್ಲಿ ಹಾಗೇ ಇದೆ, ಅಭ್ಯರ್ಥಿಗಳು ಹಾಗೇ ಬಾಯಿಪಾಠ ಮಾಡುತ್ತಾರೆ. ಆದರೆ 2025ರ ಮಧ್ಯದಲ್ಲಿ ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರದ ಲೆಕ್ಕ ಬೇರೆ. ಅದುವರೆಗೆ ಕಕ್ಷೆಗೆ ಸೇರಿಸಿದ ಉಪಗ್ರಹಗಳು 11. ಅವುಗಳಲ್ಲಿ ಸ್ಥಾನ ತೋರಿಸುವ ಕೆಲಸ ಮಾಡುತ್ತಿದ್ದವು 4. ಇನ್ನು 4 ಬರೀ ಸಂದೇಶ ಪ್ರಸಾರಕ್ಕೆ ಉಳಿದಿದ್ದವು. ಒಂದು ನಿವೃತ್ತ. ಎರಡು ಉದ್ದೇಶಿತ ಕಕ್ಷೆಯನ್ನೇ ತಲುಪಲಿಲ್ಲ. ರಾಕೆಟ್ ಹಾರಿಸುವುದರಲ್ಲಿ ಪಳಗಿದ ಇಸ್ರೋಗೆ ಇಲ್ಲಿ ಹೆಚ್ಚು ಕಾಡಿದ್ದು ರಾಕೆಟ್ ಅಲ್ಲ, ಗಡಿಯಾರ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ ಸಿಡಿಲು ಎಷ್ಟು ದೂರ ಬಿದ್ದಿತೆಂದು ಊಹಿಸುತ್ತೇವಲ್ಲ, ಪಥದರ್ಶಕ ಉಪಗ್ರಹದ ಉಪಾಯವೂ ಅದೇ. ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಉಪಗ್ರಹ ಸದಾ ಸಾರುತ್ತಿರುತ್ತದೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ಫೋನಿಗೆ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ಸ್ಥಾನ ಸಿಗಬೇಕು ನಿಜ. ಆದರೆ ಫೋನಿನೊಳಗಿನ ಅಗ್ಗದ ಕ್ವಾರ್ಟ್ಸ್ ಗಡಿಯಾರವನ್ನು ನಂಬುವಂತಿಲ್ಲ, ಅದರ ತಪ್ಪನ್ನೂ ಲೆಕ್ಕ ಹಾಕಿ ಕಳೆಯಬೇಕು. ಅದಕ್ಕೇ ನಾಲ್ಕನೆಯ ಉಪಗ್ರಹ ಬೇಕಾಗುತ್ತದೆ. ಕನಿಷ್ಠ ನಾಲ್ಕು ಬೇಕು. 2025ರಲ್ಲಿ ಇದ್ದದ್ದೂ ನಾಲ್ಕೇ.

ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುತ್ತದೆ. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ, ದೂರದ ಲೆಕ್ಕ 300 ಮೀಟರ್ ಆಚೀಚೆ ಆಗುತ್ತದೆ. ಅದಕ್ಕಾಗಿ ಉಪಗ್ರಹದಲ್ಲಿ ಪರಮಾಣು ಗಡಿಯಾರವೇ ಇರಬೇಕು. ನಾವಿಕ್ ಉಪಗ್ರಹಗಳಲ್ಲಿರುವುದು ರುಬಿಡಿಯಂ ಗಡಿಯಾರ. ರುಬಿಡಿಯಂ ಪರಮಾಣು ಒಂದು ಶಕ್ತಿಸ್ತರದಿಂದ ಇನ್ನೊಂದಕ್ಕೆ ಜಿಗಿಯಬೇಕಾದರೆ ಸೆಕೆಂಡಿಗೆ ಸುಮಾರು 683 ಕೋಟಿ ಬಾರಿ ಮಿಡಿಯುವ ಸೂಕ್ಷ್ಮತರಂಗವೇ ಬೇಕು. ಕೊಂಚ ಹೆಚ್ಚುಕಡಿಮೆಯಾದರೂ ಪರಮಾಣು ಒಪ್ಪುವುದಿಲ್ಲ. ಆ ಹಠವೇ ಗಡಿಯಾರದ ಆಧಾರ. ಇಷ್ಟಾದರೂ ಐನ್‌ಸ್ಟೈನರನ್ನು ಮರೆಯುವಂತಿಲ್ಲ. 36,000 ಕಿ.ಮೀ. ಎತ್ತರದಲ್ಲಿ ಗುರುತ್ವ ಕಡಿಮೆ, ಅಲ್ಲಿ ಕಾಲ ತುಸು ಬೇಗ ಓಡುತ್ತದೆ. ಉಪಗ್ರಹದ ವೇಗದಿಂದ ಒಂದಿಷ್ಟು ನಿಧಾನವಾಗುತ್ತದೆ. ಎರಡನ್ನೂ ಕೂಡಿ ಕಳೆದರೆ ಮೇಲಿನ ಗಡಿಯಾರ ದಿನಕ್ಕೆ ಸುಮಾರು 46 ಮೈಕ್ರೊಸೆಕೆಂಡ್ ಮುಂದಿರುತ್ತದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ 13 ಕಿ.ಮೀ.ಗೂ ಹೆಚ್ಚು ತಪ್ಪುತ್ತದೆ.

ಸ್ವಂತ ವ್ಯವಸ್ಥೆ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಕೋಚಿಂಗ್ ನೋಟ್ಸುಗಳಲ್ಲಿ, ಕಾರ್ಗಿಲ್ ಯುದ್ಧದ ವೇಳೆ ಅಮೆರಿಕ ಜಿಪಿಎಸ್ ಮಾಹಿತಿ ಕೊಡಲಿಲ್ಲ ಎಂಬ ಕಥೆ ಸಿದ್ಧವಾಗಿರುತ್ತದೆ. ಅದಕ್ಕಿಂತ ಗಟ್ಟಿಯಾದ ಕಾರಣವೊಂದು ದಾಖಲೆಯಲ್ಲೇ ಇದೆ. 2000ದ ಮೇ ತಿಂಗಳವರೆಗೆ ಅಮೆರಿಕ ತನ್ನ ಜಿಪಿಎಸ್‌ನ ನಾಗರಿಕ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಸೇನೆಗೆ ನಿಖರ ಸಂಕೇತ, ಉಳಿದ ಜಗತ್ತಿಗೆ ನೂರು ಮೀಟರಿನಷ್ಟು ತಪ್ಪು ತೋರಿಸುವ ಸಂಕೇತ. ಅಧ್ಯಕ್ಷ ಕ್ಲಿಂಟನ್ ಆದೇಶದಿಂದ ಅದು ನಿಂತಿತು. ಒಬ್ಬರ ಆದೇಶದಿಂದ ನಿಂತದ್ದು ಇನ್ನೊಬ್ಬರ ಆದೇಶದಿಂದ ಶುರುವಾಗಬಾರದೆಂದೇನಿಲ್ಲ. ಭಾರತ ಸರ್ಕಾರ 2006ರಲ್ಲಿ 1,420 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2013ರ ಜುಲೈ 1ರಂದು ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹಾರಿತು. 2016ರ ಏಪ್ರಿಲ್‌ನಲ್ಲಿ ಏಳನೆಯದು ಹಾರಿದಾಗ ಪ್ರಧಾನಿ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಿಟ್ಟರು. ಇಡೀ ಜಾಲದ ಸಮಯ ಕಾಯುವ ಇಸ್ರೋ ಪಥದರ್ಶಕ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಉಪಗ್ರಹಗಳ ಆರೋಗ್ಯ ನೋಡಿಕೊಳ್ಳುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ.

ಹೆಸರಿಟ್ಟ ವರ್ಷವೇ ತೊಂದರೆ ಶುರುವಾಯಿತು. ಒಂದೊಂದು ಉಪಗ್ರಹದಲ್ಲೂ ಮೂರು ರುಬಿಡಿಯಂ ಗಡಿಯಾರ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬ ಮುಂಜಾಗ್ರತೆ. 1ಎ ಉಪಗ್ರಹದಲ್ಲಿ ಮೂರೂ ಕೈಕೊಟ್ಟವು. ಗಡಿಯಾರಗಳನ್ನು ತರಿಸಿದ್ದು ಸ್ವಿಟ್ಜರ್ಲೆಂಡಿನ ಸ್ಪೆಕ್ಟ್ರಾಟೈಮ್ ಕಂಪನಿಯಿಂದ. ಯುರೋಪಿನ ಗೆಲಿಲಿಯೊ ಉಪಗ್ರಹಗಳಲ್ಲೂ ಗಡಿಯಾರಗಳು ಕೆಡುತ್ತಿವೆ ಎಂಬ ಸುದ್ದಿ 2017ರ ಜನವರಿಯಲ್ಲಿ ಹೊರಬಂದದ್ದರಿಂದ, ಇದು ಭಾರತವೊಂದರ ಗೋಳಲ್ಲ ಎಂಬ ಸಮಾಧಾನವಷ್ಟೇ ಸಿಕ್ಕಿತು. 1ಎ ಬದಲಿಗೆ ಕಳಿಸಿದ 1ಎಚ್ ಉಪಗ್ರಹದ ಪಾಡು ಇನ್ನೂ ಕೆಟ್ಟದಾಯಿತು. 2017ರ ಆಗಸ್ಟ್ 31ರಂದು ಪಿಎಸ್‌ಎಲ್‌ವಿ ಮೇಲೇರಿತು, ಆದರೆ ಉಷ್ಣಕವಚ ಕಳಚಿಕೊಳ್ಳಲಿಲ್ಲ. ಉಪಗ್ರಹ ಅದರೊಳಗೇ ಸಿಕ್ಕಿಬಿದ್ದಿತು. 2018ರ ಏಪ್ರಿಲ್‌ನಲ್ಲಿ 1ಐ ಹೋಗಿ ಆ ಜಾಗ ತುಂಬಿತು. ಅಷ್ಟರಲ್ಲಿ ಬೇರೆ ಉಪಗ್ರಹಗಳ ಗಡಿಯಾರಗಳೂ ಹದಗೆಡತೊಡಗಿದ್ದವು.

ಗಡಿಯಾರ ಸತ್ತ ಉಪಗ್ರಹ ಪೂರ್ತಿ ವ್ಯರ್ಥವಲ್ಲ. ಅದರ ಪ್ರಸಾರಕ ಸರಿಯಾಗಿದ್ದರೆ ಕಿರುಸಂದೇಶ ಬಿತ್ತರಿಸಬಹುದು: ಚಂಡಮಾರುತ ಬರುತ್ತಿದೆ, ಗಡಿರೇಖೆ ಹತ್ತಿರವಾಯಿತು ಎಂಬಂಥ ಎಚ್ಚರಿಕೆ. ದಡದಿಂದ ಕೆಲವೇ ಕಿ.ಮೀ. ದಾಟಿದರೆ ಮೊಬೈಲ್ ಸಿಗ್ನಲ್ ಹೋಗುವ ಕಡಲಲ್ಲಿ ಇದರ ಬೆಲೆ ದೊಡ್ಡದು. ತೊಡಕೆಂದರೆ, ಈ ಸಂದೇಶ ಆಕಾಶದಿಂದ ಕೆಳಕ್ಕೆ ಮಾತ್ರ ಬರುತ್ತದೆ. ದೋಣಿಯಿಂದ ‘ಮುಳುಗುತ್ತಿದ್ದೇವೆ’ ಎಂದು ಹೇಳಲು ಬರುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಳವಣದಾಚೆಯ ಸಮುದ್ರದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ದೋಣಿಯಿಂದಲೂ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು.

ಸ್ವಂತ ಗಡಿಯಾರದ ಸರದಿ ಬಂದದ್ದು 2023ರ ಮೇ 29ಕ್ಕೆ. ಅಂದು ಜಿಎಸ್‌ಎಲ್‌ವಿ-ಎಫ್12 ಹೊತ್ತೊಯ್ದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ರೂಪಿಸಿದ ರುಬಿಡಿಯಂ ಗಡಿಯಾರವಿತ್ತು. ಸಾಮಾನ್ಯ ಬಳಕೆದಾರರಿಗೆ ಅದಕ್ಕಿಂತ ಮುಖ್ಯವಾದ ಬದಲಾವಣೆಯೂ ಅದರಲ್ಲಿತ್ತು. ಹಳೆಯ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ತರಂಗಪಟ್ಟಿಗಳಲ್ಲಿ ಮಾತ್ರ ಮಾತಾಡುತ್ತಿದ್ದವು. ಅಗ್ಗದ ಫೋನುಗಳ ಚಿಪ್‌ಗಳೆಲ್ಲ ಕೇಳಿಸಿಕೊಳ್ಳುವುದು ಜಿಪಿಎಸ್ ಬಳಸುವ ಎಲ್1 ಪಟ್ಟಿಯನ್ನು. ಹೀಗಾಗಿ ಆಕಾಶದಲ್ಲಿ ನಾವಿಕ್ ಇದ್ದರೂ ಬಹುಪಾಲು ಜೇಬುಗಳಲ್ಲಿ ಇರಲಿಲ್ಲ. ಎಲ್ಲ ಫೋನುಗಳಲ್ಲೂ ನಾವಿಕ್ ಇರಲಿ ಎಂದು ಸರ್ಕಾರ 2022ರಲ್ಲಿ ಒತ್ತಾಯಿಸಿದಾಗ ಖರ್ಚು ಹೆಚ್ಚುತ್ತದೆ, ಸಮಯ ಸಾಲದು ಎಂದು ಕಂಪನಿಗಳು ರಾಗ ಎಳೆದದ್ದಕ್ಕೆ ಇದೂ ಒಂದು ಕಾರಣ. ವಾಣಿಜ್ಯ ವಾಹನಗಳ ಮಟ್ಟಿಗೆ ಮಾತ್ರ ನೀತಿ ಕೆಲಸ ಮಾಡಿದೆ: ಎಐಎಸ್-140 ಮಾನದಂಡದ ಪ್ರಕಾರ ಬಸ್ಸು, ಟ್ಯಾಕ್ಸಿಗಳಲ್ಲಿ ಸ್ಥಾನ ತೋರಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ. ಹೊಸ ಎನ್‌ವಿಎಸ್ ಸರಣಿಯಲ್ಲಿ ಎಲ್1 ಸೇರಿಸಿ ಇಸ್ರೋ ತಡವಾಗಿಯಾದರೂ ಮಾರುಕಟ್ಟೆಯ ಮಾತು ಕೇಳಿತು.

ಆದರೆ ಸರಣಿಯ ಎರಡನೆಯ ಉಪಗ್ರಹಕ್ಕೆ ಅದೃಷ್ಟ ಒಲಿಯಲಿಲ್ಲ. ಎನ್‌ವಿಎಸ್-02 ಹಾರಿದ್ದು 2025ರ ಜನವರಿ 29ರಂದು, ಶ್ರೀಹರಿಕೋಟಾದ ನೂರನೆಯ ಉಡಾವಣೆಯಾಗಿ. ರಾಕೆಟ್ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಆಮೇಲೆ ಉಪಗ್ರಹದ ಎಂಜಿನ್ನಿಗೆ ಆಕ್ಸಿಡೈಸರ್ ಬಿಡಬೇಕಿದ್ದ ಕವಾಟ ತೆರೆದುಕೊಳ್ಳಲಿಲ್ಲ. ಉಪಗ್ರಹ ಮೊಟ್ಟೆಯಾಕಾರದ ತಾತ್ಕಾಲಿಕ ಕಕ್ಷೆಯಲ್ಲೇ ಉಳಿಯಿತು. ನೂರನೆಯ ಉಡಾವಣೆಯ ಸಂಭ್ರಮ ಪತ್ರಿಕೆಗಳ ಮುಖಪುಟ ತುಂಬಿತ್ತು, ಕವಾಟದ ಸುದ್ದಿ ಒಳಪುಟಕ್ಕೆ ಸರಿಯಿತು. ಪರೀಕ್ಷೆಗೆ ಓದುವವರು ಎರಡನ್ನೂ ಓದಬೇಕು.

ನಾವಿಕ್ ಜತೆ ಗಗನ್ ವ್ಯವಸ್ಥೆಯನ್ನು ಕಲಸಿಕೊಳ್ಳುವವರು ಬಹಳ. ಗಗನ್ ಸ್ವತಂತ್ರ ವ್ಯವಸ್ಥೆಯಲ್ಲ, ವಿಮಾನಗಳಿಗಾಗಿ ಜಿಪಿಎಸ್‌ನ ತಪ್ಪು ತಿದ್ದುವ ಏರ್ಪಾಡು. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ ವಿಮಾನ ಇದರ ನೆರವಿನಿಂದ ಇಳಿಯಿತು.

ಉಪಗ್ರಹಗಳ ಗಡಿಯಾರಗಳಿಗೆ ನಕ್ಷೆಯಾಚೆಯೂ ಕೆಲಸವಿದೆ. ಅಕ್ಕಪಕ್ಕದ 5ಜಿ ಗೋಪುರಗಳು ಒಂದೇ ತರಂಗವನ್ನು ಸರದಿಯಲ್ಲಿ ಬಳಸಬೇಕಾದರೆ ಅವುಗಳ ಸಮಯ ಮೈಕ್ರೊಸೆಕೆಂಡಿನ ಮಟ್ಟದಲ್ಲಿ ಹೊಂದಬೇಕು. ವಿದ್ಯುತ್ ಜಾಲದಲ್ಲೂ ಅಷ್ಟೇ. 2012ರ ಜುಲೈ 30ರಂದು ಉತ್ತರ ಭಾರತ, ಮರುದಿನ ಅದರ ಜತೆಗೆ ಪೂರ್ವ ಮತ್ತು ಈಶಾನ್ಯವೂ ಕತ್ತಲಾಯಿತಲ್ಲ, ಅಂಥ ಕುಸಿತವನ್ನು ಮೊದಲೇ ಗ್ರಹಿಸಲು ದೂರದೂರದ ಉಪಕೇಂದ್ರಗಳ ಅಳತೆಗಳನ್ನು ಒಂದೇ ಕ್ಷಣದಲ್ಲಿ ಇಟ್ಟು ಹೋಲಿಸಬೇಕು. ಈ ಕ್ಷಣವನ್ನು ಹೆಚ್ಚಿನ ಉಪಕರಣಗಳು ಪಡೆಯುತ್ತಿರುವುದು ಜಿಪಿಎಸ್‌ನಿಂದ, ಅಂದರೆ ಅಮೆರಿಕದ ಗಡಿಯಾರದಿಂದ.

ಭಾರತೀಯ ಕಾಲಮಾನದ ಅಧಿಕೃತ ಪಾಲಕ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿನ ಸಮಯವನ್ನು ಇಸ್ರೋ ನೆರವಿನೊಂದಿಗೆ ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿಯ ಕಾನೂನು ಮಾಪನ ಪ್ರಯೋಗಾಲಯಗಳಿಗೆ ಮುಟ್ಟಿಸಿ, ಅಲ್ಲಿಂದ ದೇಶಕ್ಕೆ ಹಂಚುವುದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಯೋಜನೆ. ಇದಕ್ಕಾಗಿ ಕರಡು ನಿಯಮ 2025ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಂತು. ಬ್ಯಾಂಕು, ದೂರಸಂಪರ್ಕ, ಸರ್ಕಾರಿ ಕಚೇರಿ, ಒಪ್ಪಂದಪತ್ರ ಎಲ್ಲಕ್ಕೂ ಭಾರತೀಯ ಕಾಲಮಾನವೇ ಕಡ್ಡಾಯ ಎನ್ನುತ್ತದೆ ಕರಡು. ಬೇರೆ ಕಾಲಮಾನ ಬಳಸಲು ಅದು ವಿನಾಯಿತಿ ಕೊಡುವುದು ಖಗೋಳ ವಿಜ್ಞಾನ, ಪಥದರ್ಶನ ಮತ್ತು ವೈಜ್ಞಾನಿಕ ಸಂಶೋಧನೆಯಂಥ ಕ್ಷೇತ್ರಗಳಿಗೆ ಮಾತ್ರ, ಅದೂ ಸರ್ಕಾರದಿಂದ ಮುಂಚಿತವಾಗಿ ಅನುಮತಿ ಪಡೆದ ಮೇಲೆ.