ಎಲೆ ಎಣಿಸುವವನಿಗೆ ಲಾಭದ ಮೇಜು ಯಾವುದು?

1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜುಕಟ್ಟೆ ನಡೆಸುವುದು ಅಪರಾಧವಾದ್ದರಿಂದ, ಬೆಂಗಳೂರಿನ ರಾಮಮೂರ್ತಿ ನಗರದ ಇಸ್ಪೀಟುಪ್ರಿಯರು ಕಾನೂನುಬದ್ಧ ಬ್ಲ್ಯಾಕ್‌ಜಾಕ್ ಮೇಜಿಗಾಗಿ ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳವರೆಗೆ ಹೋಗಬೇಕಾಗುತ್ತದೆ. ಬಿದ್ದ ಎಲೆಗಳ ಲೆಕ್ಕವಿಟ್ಟು ಕ್ಯಾಸಿನೊವನ್ನು ಸೋಲಿಸಬಹುದೆಂದು ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರ ಪುಸ್ತಕದಲ್ಲಿ ತೋರಿಸಿದರು. ಇಂದು ರೂಢಿಯಲ್ಲಿರುವ ಕ್ರಮದಲ್ಲಿ, ಎರಡರಿಂದ ಆರರವರೆಗಿನ ಎಲೆಗೆ ಒಂದು ಕೂಡಿಸಿ, ಹತ್ತು, ಗುಲಾಮ, ರಾಣಿ, ರಾಜ, ಎಕ್ಕಗಳಿಗೆ ಒಂದು ಕಳೆದು, ಮೊತ್ತವನ್ನು ಉಳಿದ ಕಟ್ಟುಗಳಿಂದ ಭಾಗಿಸಲಾಗುತ್ತದೆ; ಎಣಿಕೆ ಎಂಟಾಗಿ ಎರಡು ಕಟ್ಟು ಉಳಿದಿದ್ದರೆ ಬೆಲೆ ನಾಲ್ಕು, ಪ್ರತಿ ಅಂಕಕ್ಕೆ ಆಟಗಾರನ ಅನುಕೂಲ ಸುಮಾರು ಅರ್ಧ ಶೇಕಡಾ ಏರುತ್ತದೆ.

ಈ ಲೆಕ್ಕ ಎಲ್ಲ ಮೇಜಿನಲ್ಲೂ ಫಲ ಕೊಡುವುದಿಲ್ಲ. ಆರು ಕಟ್ಟುಗಳಲ್ಲಿ ನಾಲ್ಕೂವರೆಯಷ್ಟು ಹಂಚಿದ ಮೇಲೆ ಕಲಸುವ ಮೇಜು ಎಣಿಸುವವನಿಗೆ ಒಪ್ಪುವಂಥದ್ದು. ಅರ್ಧದಲ್ಲೇ ಕಲಸಿದರೆ ಒಳ್ಳೆಯ ಎಣಿಕೆ ಕೈಗೂಡುವ ಮೊದಲೇ ಕರಗಿಹೋಗುತ್ತದೆ, ಆಡಿದ ಎಲೆಯನ್ನು ಕೂಡಲೇ ಮತ್ತೆ ಬೆರೆಸುವ ಯಂತ್ರವಿದ್ದರಂತೂ ಎಣಿಸುವುದೇ ವ್ಯರ್ಥ. ಎಕ್ಕ ಮತ್ತು ಹತ್ತರ ಜೋಡಿಗೆ, ಅಂದರೆ ಬ್ಲ್ಯಾಕ್‌ಜಾಕ್‌ಗೆ, ಸಾವಿರ ರೂಪಾಯಿ ಪಣದ ಮೇಲೆ 1,500ರ ಬದಲು 1,200 ಮಾತ್ರ ಕೊಡುವ ಮೇಜು ಆಟಗಾರನಿಂದ ಸುಮಾರು ಶೇ. 1.4ರಷ್ಟನ್ನು ಕಸಿಯುತ್ತದೆ, ಫಲಕದಲ್ಲಿ ಸಣ್ಣಕ್ಷರದಲ್ಲಿರುವ ಈ ನಿಯಮವನ್ನು ಓದದೆ ಕೂರುವವರೂ ಇದ್ದಾರೆ. ಉತ್ತಮ ಮೇಜಿನಲ್ಲೂ ಸರಾಸರಿ ಅನುಕೂಲ ಶೇ. 1ರ ಆಸುಪಾಸಿನಲ್ಲೇ ಇರುವುದರಿಂದ, ದೀರ್ಘ ಸೋಲಿನ ಸರಣಿಯನ್ನು ತಾಳಿಕೊಳ್ಳುವಷ್ಟು ಬಂಡವಾಳ ಬೇಕು.